ಮುಂಬಯಿಯಲ್ಲಿ ಮನೆ ಕೊಳ್ಳುವ ಮುನ್ನ

ನಮ್ಮ ವಾಚನಾಲಯಕ್ಕೆ ಸಂಜೆ ಪತ್ರಿಕೆ ಓದಲು ಬರುವ ಬಂಧುಗಳಲ್ಲಿ ಹೆಚ್ಚಿನವರು ಈ ಫೋರ್ಟಿನ ಪರಿಸರದಲ್ಲಿಯೇ ದುಡಿಯುವವರು. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವರು, ಕ್ಯಾಂಟೀನಿನವರು, ಬ್ಯಾಂಕು ಕಚೇರಿಗಳ ಗುಮಾಸ್ತರು, ವಕೀಲರ ಬಳಿ ಬರವಣಿಗೆ ಮಾಡುವವರು. ಹತ್ತು ಹದಿನೈದು ವರ್ಷ ದುಡಿದು, ಊರಿಗೆ ಕಳುಹಿಸಿ ಮಿಕ್ಕಿದ್ದರಲ್ಲಿ ನಾಲ್ಕು ಕಾಸು ಕೂಡಿತೆಂದರೆ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಒಂದು ರೂಮು ಮಾಡಿಕೊಂಡರೆ ಹೇಗೆ?"

ಕೇಳಬೇಕಾದ ಮಾತೇ ಸರಿ. ಆದರೆ ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯುಂಟು. ಹಣ ಕೊಟ್ಟು ನಾವು ಕೊಳ್ಳುವುದಾದರೂ ಏನನ್ನು? ಗೋಡೆ, ಕಿಟಕಿ, ನಲ್ಲಿಗಳು ಕಣ್ಣಿಗೆ ಕಾಣುತ್ತವೆ; ದಲಾಲನೂ ಅವನ್ನೇ ತೋರಿಸುತ್ತಾನೆ. ಅವುಗಳ ಮೇಲೆ ನಮಗೆ ಸಿಗುವ ಹಕ್ಕು ಮಾತ್ರ ಕಾಗದದಲ್ಲಿ ಇರುತ್ತದೆ. ಮುಂಬಯಿಯಲ್ಲಿ ಈ ಹಕ್ಕು ಒಂದೇ ಬಗೆಯದಲ್ಲ. ಒಂದೇ ಅಳತೆಯ ಎರಡು ಖೋಲಿಗಳು ಎದುರುಬದುರಾಗಿದ್ದು, ಒಂದು ಹತ್ತು ಲಕ್ಷಕ್ಕೂ ಇನ್ನೊಂದು ಐವತ್ತು ಲಕ್ಷಕ್ಕೂ ಮಾರಾಟಕ್ಕಿದ್ದರೆ, ಮೊದಲನೆಯದು ಅಗ್ಗವೆಂದು ತಿಳಿಯಬಾರದು. ಅಲ್ಲಿ ಮಾರುತ್ತಿರುವ ಪದಾರ್ಥವೇ ಬೇರೆ.

ಮೊದಲು ಪಗಡಿಯ ವಿಷಯ ತೆಗೆದುಕೊಳ್ಳೋಣ. ಬಜಾರ್‌ಗೇಟ್ ಬೀದಿಯ ಆಸುಪಾಸು, ಗಿರಗಾಂವ, ಕಾಳಬಾದೇವಿ, ಪರೇಲು ಮುಂತಾದ ಕಡೆ ಹಳೆಯ ಕಟ್ಟಡದಲ್ಲಿ ಕಡಿಮೆ ಬೆಲೆಗೆ ಖೋಲಿಯಿದೆಯೆಂದು ಯಾರಾದರೂ ಹೇಳಿದರೆ, ಅದು ಪಗಡಿಯದೇ ಎಂದು ಊಹಿಸಬಹುದು. 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ಈ ನಗರದ ಬಾಡಿಗೆಗಳನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆಯಿಂದ ಏನೂ ಹುಟ್ಟದೆಂದು ಕಂಡ ಮಾಲಿಕರು, ಬಾಡಿಗೆದಾರ ಬದಲಾಗುವಾಗ ಒಂದು ದೊಡ್ಡ ಮೊತ್ತವನ್ನು ಕೈಯಲ್ಲಿ ಪಡೆಯತೊಡಗಿದರು. ಕಾಯಿದೆ ಅದನ್ನು ಅಪರಾಧವೆಂದಿತು. ಊರು ಅದನ್ನು ವಾಡಿಕೆಯೆಂದಿತು. ಕೊನೆಗೆ ಅರ್ಧ ಶತಮಾನ ಕಳೆದ ಮೇಲೆ, 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು ಈ ಕೊಡುಕೊಳೆಯನ್ನು ಒಪ್ಪಿಕೊಂಡಿತು.

ಪಗಡಿ ಕೊಟ್ಟವನು ಬಾಡಿಗೆದಾರನೇ ಹೊರತು ಮಾಲಿಕನಲ್ಲ. ತಿಂಗಳ ಬಾಡಿಗೆ ಅತಿ ಸ್ವಲ್ಪ, ಸುಲಭವಾಗಿ ಯಾರೂ ಎಬ್ಬಿಸಲಾರರು ಎಂಬುದು ನಿಜ. ಆದರೆ ನೆಲವೂ ಕಟ್ಟಡವೂ ಇನ್ನೊಬ್ಬನದು. ಮಾರಬೇಕಾದರೆ ಅವನ ಒಪ್ಪಿಗೆ ಬೇಕು, ಬಂದ ಹಣದಲ್ಲಿ ಮೂರನೆಯ ಒಂದು ಪಾಲಿನ ಆಸುಪಾಸು ಅವನಿಗೆ ಸಲ್ಲುವುದು ವಾಡಿಕೆ. ಬ್ಯಾಂಕುಗಳು ಸಾಮಾನ್ಯವಾಗಿ ಇದರ ಮೇಲೆ ಸಾಲ ಕೊಡುವುದಿಲ್ಲ. "ಇಂದೋ ನಾಳೆಯೋ ಕಟ್ಟಡ ಪುನರ್ನಿರ್ಮಾಣಕ್ಕೆ ಹೋಗುತ್ತದೆ, ಆಗ ಸ್ವಂತದ ಹೊಸ ಫ್ಲ್ಯಾಟು ಸಿಗುತ್ತದೆ" ಎಂಬ ಆಸೆಯಿಂದ ಪಗಡಿ ಖೋಲಿ ಕೊಳ್ಳುವವರಿದ್ದಾರೆ. ಹಾಗೆ ಸಿಕ್ಕವರೂ ಇದ್ದಾರೆ. ಆದರೆ ಆ ದಿನ ಬರುವ ತನಕ ಕಟ್ಟಡ ನಿಂತಿರಬೇಕಲ್ಲ! ಇದೇ ಫೋರ್ಟಿನಲ್ಲಿ, ದೊಡ್ಡ ಅಂಚೆ ಕಚೇರಿಯ ಹತ್ತಿರ ಇದ್ದ ಭಾನುಶಾಲಿ ಕಟ್ಟಡದ ಒಂದು ಭಾಗ 2020ರ ಜುಲೈ ತಿಂಗಳ ಮಳೆಯಲ್ಲಿ ಕುಸಿದು ಜನ ಸತ್ತುದನ್ನು ನಮ್ಮಲ್ಲಿ ಹಲವರು ಮರೆತಿರಲಾರರು. ಕೈಯಲ್ಲಿರುವ ಏಕಮಾತ್ರ ಉಳಿತಾಯವನ್ನು ಪಗಡಿಗೆ ಹಾಕುವುದನ್ನು ನಾವು ಅನುಮೋದಿಸುವುದಿಲ್ಲ.

ಇನ್ನು ಸಹಕಾರಿ ಸಂಘದ ಮನೆ. ಈ ದಾರಿಯನ್ನು ಮುಂಬಯಿಗೆ ತೋರಿಸಿಕೊಟ್ಟವರು ನಮ್ಮ ಕಡೆಯಿಂದಲೇ ಬಂದ ಜನ ಎಂಬುದನ್ನು ಇಲ್ಲಿ ನೆನೆಯಬೇಕು. ಕಳೆದ ಶತಮಾನದ ಆರಂಭದಲ್ಲಿ ಕೆನರಾ ಜಿಲ್ಲೆಗಳಿಂದ ಇಲ್ಲಿಗೆ ಬಂದ ಚಿತ್ರಾಪುರ ಸಾರಸ್ವತರಲ್ಲಿ ಬಹುಮಂದಿ ಗುಮಾಸ್ತಗಿರಿಯವರು. ಒಬ್ಬೊಬ್ಬರಾಗಿ ಅವರಲ್ಲಿ ಯಾರಿಗೂ ಮನೆ ಕಟ್ಟುವ ಶಕ್ತಿ ಇರಲಿಲ್ಲ. ರಾವ್ ಬಹದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1906ರಲ್ಲಿ ತಮ್ಮ ಗುರುಗಳಾದ ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಒಂದು ಸಹಕಾರಿ ಪತ್ತಿನ ಸಂಘವನ್ನು ತೆರೆದರು. ಅದೇ ಇಂದಿನ ಶಾಮರಾವ್ ವಿಠಲ ಸಹಕಾರಿ ಬ್ಯಾಂಕು. ಆಗಿನ 1904ರ ಕಾಯಿದೆಯಲ್ಲಿ ಸಾಲ ಕೊಡುವ ಸಂಘಗಳಿಗೆ ಮಾತ್ರ ಎಡೆಯಿತ್ತು. 1912ರ ಹೊಸ ಕಾಯಿದೆ ಇತರ ಉದ್ದೇಶದ ಸಂಘಗಳಿಗೂ ಬಾಗಿಲು ತೆರೆಯಿತು. ಮೂರೇ ವರ್ಷಗಳಲ್ಲಿ, 1915ರಲ್ಲಿ, ಗಾಂವದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತು. ದೇಶದ ಅತಿ ಹಳೆಯ ಗೃಹಸಂಘಗಳಲ್ಲಿ ಅದೂ ಒಂದು. ಕಟ್ಟಡ ಸಂಘದ್ದು, ಸಂಘ ಸದಸ್ಯರದು, ಸದಸ್ಯನು ತನ್ನ ಷೇರಿನ ಬಲದಿಂದ ತನ್ನ ಮನೆಯಲ್ಲಿ ಇರುವವನು. ಬಾಡಿಗೆ ಕೊಟ್ಟರೂ ಅದು ಹೋಗುವುದು ತಮ್ಮದೇ ಸಂಘಕ್ಕೆ. ತಾಡದೇವದ ತಲ್ಮಕಿವಾಡಿ ಆ ಮಹನೀಯರ ಹೆಸರನ್ನು ಇಂದಿಗೂ ಹೊತ್ತು ನಿಂತಿದೆ.

ಈ ಕತೆಯನ್ನು ಹೆಮ್ಮೆಗಾಗಿ ಮಾತ್ರ ಹೇಳಿದ್ದಲ್ಲ. ಇಂದು ಮುಂಬಯಿಯಲ್ಲಿ ಫ್ಲ್ಯಾಟು ಕೊಂಡವರಲ್ಲಿ ಬಹುಪಾಲು ಜನ ಒಂದಲ್ಲ ಒಂದು ಸಹಕಾರಿ ಸಂಘದ ಸದಸ್ಯರೇ. ಹಳೆಯ ಫ್ಲ್ಯಾಟನ್ನು ಇನ್ನೊಬ್ಬರಿಂದ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಮಾರುವವನ ಹೆಸರಿನ ಷೇರು ಸರ್ಟಿಫಿಕೇಟು. ಅದರ ಮುಖಬೆಲೆ ಕೆಲವು ನೂರು ರೂಪಾಯಿ ಮಾತ್ರ, ಆದರೂ ಮನೆಯ ಕೀಲಿಕೈಗಿಂತ ಅದು ದೊಡ್ಡದು. ಎರಡನೆಯದಾಗಿ, ಸಂಘದ ಕಾರ್ಯದರ್ಶಿಯಿಂದ ಬಾಕಿ ಏನೂ ಇಲ್ಲವೆಂಬ ಪತ್ರ. ಮೂರನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ: ನೆಲ ಸಂಘದ ಹೆಸರಿಗೆ ಆಗಿದೆಯೆ? ಇದಕ್ಕೆ ಕನ್ವೇಯನ್ಸ್ ಎನ್ನುತ್ತಾರೆ. ಬಿಲ್ಡರನು ಫ್ಲ್ಯಾಟುಗಳನ್ನೆಲ್ಲ ಮಾರಿ ಮುಗಿಸಿದ ಮೇಲೂ ನೆಲವನ್ನು ಸಂಘಕ್ಕೆ ಬರೆದುಕೊಡದೆ ಹೋದ ಕಟ್ಟಡಗಳು ನಗರದಲ್ಲಿ ಬೇಕಾದಷ್ಟಿವೆ. ಕಟ್ಟಡ ಹಳತಾಗಿ ಮತ್ತೆ ಕಟ್ಟಬೇಕಾದ ದಿನ ಈ ಲೋಪ ಎದ್ದು ನಿಲ್ಲುತ್ತದೆ. ಬಿಲ್ಡರನು ಒಪ್ಪದಿದ್ದರೂ ಸಂಘವು ಸಹಕಾರ ಇಲಾಖೆಯ ಅಧಿಕಾರಿಗೆ ಅರ್ಜಿ ಕೊಟ್ಟು ನೆಲವನ್ನು ತನ್ನದಾಗಿಸಿಕೊಳ್ಳುವ ದಾರಿಯನ್ನು 2008ರ ತಿದ್ದುಪಡಿ ಮಾಡಿಕೊಟ್ಟಿದೆ. ಅರ್ಜಿ ಕೊಟ್ಟಿದ್ದಾರೆಯೆ ಎಂದಾದರೂ ಕೇಳಬೇಕು.

ಹೊಸ ಕಟ್ಟಡದಲ್ಲಿ ಬಿಲ್ಡರನಿಂದಲೇ ಕೊಳ್ಳುವುದಾದರೆ ಎರಡು ಕಾಯಿದೆಗಳು ನಮ್ಮ ಬೆನ್ನಿಗಿವೆ. 1963ರ ಮಹಾರಾಷ್ಟ್ರ ಒಡೆತನದ ಫ್ಲ್ಯಾಟುಗಳ ಕಾಯಿದೆ ಒಂದು, 2016ರಲ್ಲಿ ಸಂಸತ್ತು ಮಾಡಿದ ರೇರಾ ಕಾಯಿದೆ ಇನ್ನೊಂದು. ಎರಡನೆಯದರ ಪ್ರಕಾರ, ಕರಾರುಪತ್ರ ನೋಂದಣಿಯಾಗುವ ಮೊದಲು ಬಿಲ್ಡರನು ಬೆಲೆಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಕೊಂಡವರಿಂದ ಬಂದ ಹಣದಲ್ಲಿ ನೂರಕ್ಕೆ ಎಪ್ಪತ್ತನ್ನು ಅದೇ ಯೋಜನೆಯ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಕೊಂಡವನು ಹಣವನ್ನು ಬಡ್ಡಿಸಹಿತ ಹಿಂದಕ್ಕೆ ಕೇಳಬಹುದು, ಇಲ್ಲವೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಪಡೆದು ಕಾಯಬಹುದು. ಐದು ವರ್ಷಗಳೊಳಗೆ ಕಟ್ಟಡದಲ್ಲಿ ರಚನೆಯ ದೋಷ ಕಂಡರೆ ಬಿಲ್ಡರನೇ ಖರ್ಚು ಹಾಕಿ ಸರಿಪಡಿಸಬೇಕು.

ಅಳತೆಯ ವಿಷಯ ಒಂದು ಮಾತು. "ಸೂಪರ್ ಬಿಲ್ಟಪ್ 650 ಚದರಡಿ" ಎಂದು ಹೇಳಿದರೆ ಅದರಲ್ಲಿ ಮೆಟ್ಟಿಲು, ಲಿಫ್ಟು, ಪಡಸಾಲೆಗಳ ಪಾಲೂ ಸೇರಿರುತ್ತದೆ. ಚಾಪೆ ಹಾಸುವಷ್ಟು ಜಾಗ ಎಷ್ಟಿದೆ ಎಂಬುದೇ ಕಾರ್ಪೆಟ್ ಅಳತೆ. ಕಾಯಿದೆಯಂತೆ ಬೆಲೆ ನಿಲ್ಲಬೇಕಾದದ್ದು ಅದರ ಮೇಲೆ. ತಳ ಅಂತಸ್ತಿನ ಕಂಬಗಳ ನಡುವೆ ಕಾರು ನಿಲ್ಲಿಸುವ ಜಾಗವನ್ನು ಬಿಲ್ಡರನು ಬೇರೆಯಾಗಿ ಮಾರಲಾಗದೆಂದು ಸುಪ್ರೀಂ ಕೋರ್ಟು 2010ರಲ್ಲಿ ದಹಿಸರದ ಒಂದು ಸಂಘದ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ನಮ್ಮಲ್ಲಿ ಕಾರು ಇಟ್ಟವರು ಕಡಿಮೆ, ಆದರೂ ತಿಳಿದಿರಲಿ.

ಇಷ್ಟೆಲ್ಲ ಕಾಯಿದೆಗಳಿದ್ದರೂ ಬಡವನ ಹಣ ಮುಳುಗುವುದು ನಿಂತಿಲ್ಲ. ಕಾಯಿದೆಯ ಹೆಸರು ಹೇಳಿಯೇ ಮೋಸ ಮಾಡುವವರು ಬಂದಿದ್ದಾರೆ. ನಮ್ಮವರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಡೊಂಬಿವಲಿಯನ್ನೇ ನೋಡಿರಿ. ಕಲ್ಯಾಣ-ಡೊಂಬಿವಲಿ ನಗರಪಾಲಿಕೆಯ ಅನುಮತಿಪತ್ರಗಳನ್ನು ಸುಳ್ಳಾಗಿ ಸೃಷ್ಟಿಸಿ, ಆ ಸುಳ್ಳು ಪತ್ರಗಳ ಆಧಾರದಿಂದಲೇ ರೇರಾ ನೋಂದಣಿಯನ್ನೂ ಪಡೆದು, ಕಟ್ಟಡಗಳನ್ನು ಎಬ್ಬಿಸಿ ಮಾರಿದರು. 2024ರ ನವೆಂಬರಿನಲ್ಲಿ ಮುಂಬಯಿ ಹೈಕೋರ್ಟು ಅಂಥ 65 ಕಟ್ಟಡಗಳನ್ನು ಕೆಡವಬೇಕೆಂದು ಆಜ್ಞೆ ಮಾಡಿತು. ಕೊಂಡವರ ಕೈಯಲ್ಲಿ ರೇರಾ ಸಂಖ್ಯೆ ಇತ್ತು, ಮನೆಯೊಳಗೆ ದೀಪ ಉರಿಯುತ್ತಿತ್ತು. ಯಾರಿಗೂ ಸಂಶಯ ಬರಲು ಕಾರಣವಿರಲಿಲ್ಲ.

ನಾಲಾಸೊಪಾರಾದ್ದು ಇನ್ನೂ ಕಠೋರವಾದುದು. ಅಲ್ಲಿ ಪೂರ್ವದಲ್ಲಿ, ಕೊಳಚೆನೀರಿನ ಶುದ್ಧೀಕರಣಕ್ಕೂ ಕಸ ಹಾಕುವುದಕ್ಕೂ ಕಾದಿರಿಸಿದ ಜಾಗದಲ್ಲಿ 41 ಕಟ್ಟಡಗಳು ಎದ್ದಿದ್ದವು. ಹೈಕೋರ್ಟಿನ ಆಜ್ಞೆಯಂತೆ 2024ರ ನವೆಂಬರಿನಿಂದ 2025ರ ಫೆಬ್ರವರಿಯ ವರೆಗೆ ಅವೆಲ್ಲವೂ ನೆಲಸಮವಾದವು. ಎರಡು ಸಾವಿರಕ್ಕೂ ಮಿಕ್ಕಿದ ಕುಟುಂಬಗಳು ಬೀದಿಗೆ ಬಂದವು. ಬಡವರಿಗೇ ಹೀಗಾಗುತ್ತದೆಂದು ತಿಳಿಯುವುದೂ ಬೇಡ. ವರ್ಲಿಯ ಕ್ಯಾಂಪಾ ಕೋಲಾ ಕಂಪೌಂಡಿನಲ್ಲಿ ಐದು ಅಂತಸ್ತುಗಳಿಗೆ ಅನುಮತಿಯಿದ್ದಲ್ಲಿ ಬಿಲ್ಡರರು ಅದನ್ನು ಮೀರಿ ಮೇಲೆ ಮೇಲೆ ಕಟ್ಟಿದ್ದರು. 1980ರ ದಶಕದಲ್ಲಿ ಕೊಂಡ ಜನ ಕಾಲು ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿ ಬಾಳಿದ ಮೇಲೆ, 2013ರಲ್ಲಿ ಸುಪ್ರೀಂ ಕೋರ್ಟು ಮೇಲಿನ ಅಂತಸ್ತುಗಳು ಅಕ್ರಮವೆಂದು ಹೇಳಿತು. ಮರುವರ್ಷ ಆ ಮನೆಗಳ ನೀರು, ಗ್ಯಾಸು, ವಿದ್ಯುತ್ತು ಕಡಿದುಹೋದವು. ಇಷ್ಟು ವರ್ಷ ಯಾರೂ ಕೇಳಲಿಲ್ಲ, ಇನ್ನು ಯಾರು ಕೇಳುತ್ತಾರೆ ಎಂಬ ಧೈರ್ಯಕ್ಕೆ ಆಧಾರವಿಲ್ಲ. ತೆರಿಗೆಯ ರಸೀದಿಯೂ ವಿದ್ಯುತ್ ಬಿಲ್ಲೂ ಕಟ್ಟಡವನ್ನು ಸಕ್ರಮ ಮಾಡುವುದಿಲ್ಲ.

ಹಾಗಾದರೆ ಸಾಮಾನ್ಯ ಮನುಷ್ಯನು ಮಾಡಬೇಕಾದುದೇನು? ಕಟ್ಟಡಕ್ಕೆ ಎರಡು ಮುಖ್ಯ ಪತ್ರಗಳಿರುತ್ತವೆ. ಕೆಲಸ ಆರಂಭಿಸಲು ನಗರಪಾಲಿಕೆ ಕೊಡುವುದು ಸಿ.ಸಿ.; ಮುಗಿದ ಮೇಲೆ ಅನುಮತಿಯಂತೆ ಕಟ್ಟಿದೆ, ವಾಸಕ್ಕೆ ಅಡ್ಡಿಯಿಲ್ಲ ಎಂದು ಕೊಡುವುದು ಓ.ಸಿ. ಸಿ.ಸಿ.ಯಲ್ಲಿ ಎಷ್ಟನೆಯ ಅಂತಸ್ತಿನ ವರೆಗೆ ಎಂದು ಬರೆದಿರುತ್ತದೆ. ಏಳನೆಯ ಅಂತಸ್ತಿನ ಮನೆ ಕೊಳ್ಳುವವನು ಐದಕ್ಕೆ ನಿಂತ ಸಿ.ಸಿ. ನೋಡಿ ಸಮಾಧಾನಪಡಬಾರದು. ಮುಖ್ಯ ಸಂಗತಿಯೆಂದರೆ, ಬಿಲ್ಡರನು ಕೊಟ್ಟ ಪ್ರತಿಯನ್ನು ಓದಿದರಷ್ಟೇ ಸಾಲದು, ಅದರ ಮೇಲಿನ ಸಂಖ್ಯೆ ಮತ್ತು ತಾರೀಕನ್ನು ಬರೆದುಕೊಂಡು ಪತ್ರ ಹುಟ್ಟಿದ ಕಚೇರಿಯಲ್ಲಿಯೇ ವಿಚಾರಿಸಬೇಕು. ಕಚೇರಿಯಲ್ಲಿ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ. ಹತ್ತು ರೂಪಾಯಿಯ ಅರ್ಜಿ, ಮೂವತ್ತು ದಿನಗಳ ಗಡುವು. ಮೂವತ್ತು ದಿನ ಕಾಯುವುದಕ್ಕೆ ಒಪ್ಪದ ದಲಾಲನಿದ್ದರೆ, "ನಾಳೆಯೇ ಟೋಕನ್ ಕೊಡದಿದ್ದರೆ ಇನ್ನೊಬ್ಬ ಕೊಂಡುಹೋಗುತ್ತಾನೆ" ಎಂದರೆ, ಕೊಂಡುಹೋಗಲಿ.

ನೆಲದ ಒಡೆತನಕ್ಕೆ ಮುಂಬಯಿಯಲ್ಲಿ ಪ್ರಾಪರ್ಟಿ ಕಾರ್ಡು, ಹೊರವಲಯದ ಹಳ್ಳಿಯ ಕಡೆ ಸಾತ್‌ಬಾರಾ ಉತಾರೆ. ಹಿಂದಿನ ಮೂವತ್ತು ವರ್ಷಗಳ ನೋಂದಣಿಯ ಶೋಧವನ್ನು ವಕೀಲರಿಂದ ಮಾಡಿಸುವುದು ಪದ್ಧತಿ. ಇದಕ್ಕಾಗುವ ಕೆಲವು ಸಾವಿರ ರೂಪಾಯಿಗಳನ್ನು ಉಳಿಸುವವರು ಬಹಳ ಮಂದಿ. ಆ ವಕೀಲ ಬಿಲ್ಡರನ ವಕೀಲನಾಗಿರಬಾರದು ಎಂಬುದನ್ನು ಹೇಳಲೇಬೇಕು. ಕರ್ಜತು, ಬದಲಾಪುರಗಳ ಕಡೆ ಹೊಲವನ್ನು ತುಂಡು ಮಾಡಿ ಸ್ಟ್ಯಾಂಪ್ ಕಾಗದದ ಮೇಲೆ ಪ್ಲಾಟು ಮಾರುವವರ ಮಾತಿಗೆ ಹೋಗದಿರುವುದೇ ಲೇಸು. ಮಹಾರಾಷ್ಟ್ರದಲ್ಲಿ ಕೃಷಿಕನಲ್ಲದವನು ಅನುಮತಿಯಿಲ್ಲದೆ ಕೃಷಿಭೂಮಿ ಕೊಳ್ಳುವಂತಿಲ್ಲ.

ಈಗ ಲೆಕ್ಕಕ್ಕೆ ಬರೋಣ. 40 ಲಕ್ಷದ ಮನೆ ಎಂದಿಟ್ಟುಕೊಳ್ಳಿ. ಬ್ಯಾಂಕು 32 ಲಕ್ಷ ಕೊಟ್ಟರೆ 8 ಲಕ್ಷ ಕೈಯಿಂದ ಬೇಕು. ಅಲ್ಲಿಗೆ ಮುಗಿಯಲಿಲ್ಲ. ಮುದ್ರಾಂಕ ಶುಲ್ಕ ಮುಂಬಯಿಯಲ್ಲಿ ನೂರಕ್ಕೆ 6, ಠಾಣೆ ಕಡೆಯ ನಗರಗಳಲ್ಲಿ 7. ಅಂದರೆ 2 ಲಕ್ಷ 40 ಸಾವಿರದಿಂದ 2 ಲಕ್ಷ 80 ಸಾವಿರ. ಕೊಳ್ಳುವವರು ಸ್ತ್ರೀಯರು ಮಾತ್ರ ಆಗಿದ್ದರೆ ಒಂದು ಶತಾಂಶ ರಿಯಾಯಿತಿಯಿದೆ. ನೋಂದಣಿ ಶುಲ್ಕ 30 ಸಾವಿರ. ಓ.ಸಿ. ಆಗುವ ಮುಂಚೆ ಕೊಂಡರೆ ಜಿ.ಎಸ್.ಟಿ. ಬೇರೆ: ಸಣ್ಣ ಮನೆಗೆ, 45 ಲಕ್ಷದೊಳಗೆ, ನೂರಕ್ಕೆ 1, ಅದಕ್ಕೆ ಮೇಲ್ಪಟ್ಟದ್ದಕ್ಕೆ 5. ದರಗಳು ಬದಲಾಗುವಂಥವು, ನೋಂದಣಿಯ ಮೊದಲು ಮತ್ತೊಮ್ಮೆ ಕೇಳಿಕೊಳ್ಳಬೇಕು. ಒಟ್ಟಿನಲ್ಲಿ 8 ಲಕ್ಷ ಕೂಡಿಸಿದವನಿಗೆ 40 ಲಕ್ಷದ ಮನೆ ಎಟುಕದು, 12 ಲಕ್ಷವಾದರೂ ಬೇಕು. ಇಲ್ಲಿ ತಪ್ಪಿದವರೇ ಕೊನೆಯ ಗಳಿಗೆಯಲ್ಲಿ ಊರಿನ ತೋಟ ಅಡವಿಡುವುದು.

32 ಲಕ್ಷಕ್ಕೆ ನೂರಕ್ಕೆ 9ರ ಬಡ್ಡಿಯಂತೆ 20 ವರ್ಷಗಳ ಕಂತು ತಿಂಗಳಿಗೆ ಸುಮಾರು 28,800 ರೂಪಾಯಿ. ಮೊದಲ ಕಂತಿನಲ್ಲಿ 24,000 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸಲ್ಲುವುದು ಐದು ಸಾವಿರವೂ ಇಲ್ಲ. ಇಪ್ಪತ್ತು ವರ್ಷಗಳಲ್ಲಿ ಕಟ್ಟುವುದು ಒಟ್ಟು 69 ಲಕ್ಷ. ಸ್ವಂತ ವಾಸಕ್ಕೆ ಕೊಂಡವನು ಇದನ್ನು ಸಹಿಸಬಹುದು. ಅವನಿಗೆ ಬಾಡಿಗೆ ಉಳಿಯುತ್ತದೆ, ಮಕ್ಕಳ ಶಾಲೆ ಹನ್ನೊಂದು ತಿಂಗಳಿಗೊಮ್ಮೆ ಬದಲಾಗುವುದಿಲ್ಲ. ಲಾಭಕ್ಕಾಗಿ ಕೊಂಡವನ ಪಾಡು ಬೇರೆ. ಅಂಥ ಮನೆಗೆ ತಿಂಗಳಿಗೆ 10 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ ನೂರಕ್ಕೆ ಮೂರಾಯಿತು. ಅದರಲ್ಲಿ ಸಂಘದ ಖರ್ಚು, ತೆರಿಗೆ, ಖಾಲಿ ಬಿದ್ದ ತಿಂಗಳುಗಳನ್ನು ಕಳೆಯಬೇಕು. ಕೊಡುವುದು ಒಂಬತ್ತು, ಬರುವುದು ಮೂರಕ್ಕಿಂತ ಕಡಿಮೆ. ನಡುವಿನ ಆರನ್ನು ಮನೆಯ ಬೆಲೆಯೇ ವರ್ಷ ವರ್ಷವೂ ಏರಿ ತುಂಬಿಕೊಡಬೇಕು. ಕೆಲವು ವರ್ಷ ಏರುತ್ತದೆ, ಕೆಲವು ವರ್ಷ ಏರುವುದಿಲ್ಲ. ಮಗಳ ಮದುವೆಗೆ ಹಣ ಬೇಕಾದಾಗ ಅಡುಗೆಕೋಣೆಯೊಂದನ್ನೇ ಮಾರಲೂ ಬರುವುದಿಲ್ಲ. ಆದುದರಿಂದ ಸಂಬಳದವನು ಮೊದಲ ಮನೆಯನ್ನು ಇರುವುದಕ್ಕಾಗಿ ಕೊಳ್ಳಲಿ, ಓ.ಸಿ. ಆದದ್ದನ್ನೇ ಕೊಳ್ಳಲಿ, ಕಂತು ಸಂಬಳದ ಮೂರನೆಯ ಒಂದು ಪಾಲು ಮೀರದಿರಲಿ ಎಂಬುದು ನಮ್ಮ ಅಭಿಪ್ರಾಯ. ಬಾಡಿಗೆಯ ಆದಾಯಕ್ಕೆಂದು ಸಾಲ ಮಾಡಿ ಎರಡನೆಯ ಮನೆ ಹಿಡಿಯುವುದು ನಮ್ಮಂಥವರ ಕೆಲಸವಲ್ಲ.

"ಅರ್ಧ ಬಿಳಿ, ಅರ್ಧ ಕಪ್ಪು" ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20 ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟ ಮುಂಗಡವನ್ನು ನಗದಾಗಿ ಪಡೆಯುವುದನ್ನು 2015ರಿಂದ ಆದಾಯ ತೆರಿಗೆ ಕಾಯಿದೆ ನಿಷೇಧಿಸಿದೆ. ನಮ್ಮ ದೃಷ್ಟಿಯಿಂದ ಇನ್ನೊಂದು ಕಾರಣವೂ ಇದೆ. ವ್ಯವಹಾರ ಮುರಿದುಬಿದ್ದರೆ ಕಾಗದದಲ್ಲಿದ್ದ ಹಣವನ್ನಷ್ಟೇ ಹಿಂದಕ್ಕೆ ಕೇಳಲು ಬರುತ್ತದೆ. ಕೈಯಲ್ಲಿ ಕೊಟ್ಟದ್ದಕ್ಕೆ ಸಾಕ್ಷಿ ಯಾರು?

ಕೊನೆಯದಾಗಿ ಹೆಸರಿನ ವಿಷಯ. ನಮ್ಮಲ್ಲಿ ಅಣ್ಣತಮ್ಮಂದಿರು ಮೂವರು ಕೂಡಿ ದುಡಿದು, ಅಣ್ಣನ ಹೆಸರಿನಲ್ಲಿ ಮನೆ ಮಾಡುವ ರೂಢಿ ಬಹಳ. ಅಣ್ಣನಿರುವ ತನಕ ತೊಂದರೆಯಿಲ್ಲ. ಅನಂತರ ಅತ್ತಿಗೆಯ ಮಕ್ಕಳು ಕಾಗದ ತೋರಿಸಿದರೆ ತಮ್ಮಂದಿರು ಏನು ತೋರಿಸಬೇಕು? ಹಣ ಹಾಕಿದ ಪ್ರತಿಯೊಬ್ಬರ ಹೆಸರೂ ಕರಾರುಪತ್ರದಲ್ಲಿ ಇರಬೇಕು, ಹಣ ಅವರವರ ಖಾತೆಯಿಂದಲೇ ಹೋಗಬೇಕು. ಸಂಘದಲ್ಲಿ ನಾಮಿನಿಯೆಂದು ಬರೆಸಿದವನು ಮನೆಯ ಒಡೆಯನಾಗುವುದಿಲ್ಲ, ವಾರಸುದಾರರ ಪರವಾಗಿ ಇಟ್ಟುಕೊಂಡಿರುವವನು ಮಾತ್ರ. ಯಾರಿಗೆ ಸಲ್ಲಬೇಕೆಂಬುದಕ್ಕೆ ಮರಣಪತ್ರ ಬೇರೆಯಾಗಿ ಬರೆಯಬೇಕು.

ನೋಂದಣಿಯಾದ ದಿನವೇ ಇಂಡೆಕ್ಸ್ ಟೂ ಎಂಬ ಸಾರಪತ್ರದ ಪ್ರತಿ ಪಡೆದು, ಹೆಸರು, ಫ್ಲ್ಯಾಟಿನ ಸಂಖ್ಯೆ, ಅಳತೆ ಸರಿಯಿದೆಯೆ ಎಂದು ಅಲ್ಲಿಯೇ ನಿಂತು ಓದಬೇಕು. ಬಳಿಕ ಷೇರು ಸರ್ಟಿಫಿಕೇಟಿನಲ್ಲಿ ಹೆಸರು ಬದಲಿಸಲು ಸಂಘಕ್ಕೆ ಅರ್ಜಿ ಕೊಡಬೇಕು. ಮೂಲ ಪತ್ರಗಳು ಸಾಲ ತೀರುವ ತನಕ ಬ್ಯಾಂಕಿನಲ್ಲಿರುತ್ತವೆ. ಅವುಗಳ ಪಟ್ಟಿಗೆ ಬ್ಯಾಂಕಿನ ಸಹಿ ಪಡೆದು, ನಕಲುಗಳ ಒಂದು ಕಟ್ಟನ್ನು ಊರಿನ ಮನೆಯಲ್ಲಿ ಇಡಿರಿ. ಮುದ್ರಾಂಕ ಶುಲ್ಕದ ಬಗೆಗೆ ಸಂಶಯವಿದ್ದವರಿಗೆ ಮುಖ್ಯ ಮುದ್ರಾಂಕ ಕಚೇರಿ ದೂರವೇನಲ್ಲ, ಇಲ್ಲಿಯ ಟೌನ್‌ಹಾಲಿನಲ್ಲಿಯೇ ಇದೆ. ಊಟದ ವಿರಾಮದಲ್ಲಿ ಹೋಗಿ ಕೇಳಿ ಬರಬಹುದು.